ಅನುದಿನದ ಆಹಾರ ಮತ್ತು ತೊಗರಿಯ ಕಣಜ



ಸಂಜೆ ಜಪಸರಕ್ಕೆ ಕೂಡುವ ಕುಟುಂಬವೊಂದು ಐದು ರಹಸ್ಯಗಳನ್ನು ಮುಗಿಸುವಷ್ಟರಲ್ಲಿ ಆರು ಬಾರಿ ದೇವರಲ್ಲಿ ಆಹಾರವನ್ನು ಬೇಡಿರುತ್ತದೆ. ಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ಅದೇ ಬೇಡಿಕೆ ಮತ್ತೊಮ್ಮೆ ನಮ್ಮ ನಾಲಿಗೆಯ ಮೇಲೆ ಬರುತ್ತದೆ. ಇಷ್ಟು ಬಾರಿ ಆಡಿದ ಮಾತು ಸವೆದ ನಾಣ್ಯದಂತಾಗುವುದು ಸಹಜ; ಕೈಯಿಂದ ಕೈಗೆ ದಾಟುತ್ತದೆ, ಆದರೆ ಅದರ ಮೇಲಿನ ಅಚ್ಚನ್ನು ಯಾರೂ ನೋಡುವುದಿಲ್ಲ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯ ಈ ನಾಲ್ಕನೆಯ ಬೇಡಿಕೆಯಲ್ಲಿ ಮೂರು ತೂಕದ ಪದಗಳಿವೆ: ‘ನಮ್ಮ’, ‘ಅನುದಿನ’, ‘ಆಹಾರ’. ದೈನಂದಿನ ಅಗತ್ಯಗಳಿಗಾಗಿ ದೇವರನ್ನು ನಂಬುವುದೆಂದರೆ ಏನು ಎಂಬ ಪ್ರಶ್ನೆಗೆ ಉತ್ತರ ಈ ಮೂರು ಪದಗಳಲ್ಲಿಯೇ ಅಡಗಿದೆ. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದೆರಡನ್ನು ಓದಿದಾಗಲೆಲ್ಲ ನಮ್ಮ ಓದು ದಾರಿ ತಪ್ಪಿದೆ.

ಮೂರು ಅರೆಬರೆ ಓದುಗಳು

ಇಂದು ನಮ್ಮ ನಡುವೆ ಚಲಾವಣೆಯಲ್ಲಿರುವ ಮೂರು ಓದುಗಳನ್ನು ಮೊದಲು ಪರಿಶೀಲಿಸೋಣ. ಮೊದಲನೆಯದು ಸಮೃದ್ಧಿಯ ಓದು. ವಿಶ್ವಾಸವಿಟ್ಟವನಿಗೆ ದೇವರು ಮನೆ, ವಾಹನ, ಹಣ ಎಲ್ಲವನ್ನೂ ಕೊಡುತ್ತಾನೆ. ಕೊಡದಿದ್ದರೆ ಆತನ ವಿಶ್ವಾಸದಲ್ಲಿಯೇ ಕೊರತೆಯಿದೆ ಎಂದು ಬೋಧಿಸುವ ದನಿಗಳನ್ನು ನಾವು ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ಕೇಳುತ್ತೇವೆ. ಈ ಓದು ‘ಅನುದಿನ’ ಎಂಬ ಪದವನ್ನು ಅಳಿಸಿಹಾಕುತ್ತದೆ. ಪ್ರಭು ಕಲಿಸಿದ್ದು ಒಂದು ದಿನದ ಬುತ್ತಿಯನ್ನು ಬೇಡಲು. ಒಂದು ತಲೆಮಾರಿನ ಸಂಪತ್ತನ್ನು ಬೇಡಲು ಅಲ್ಲ. ಇದಕ್ಕಿಂತಲೂ ಕ್ರೂರವಾದ ಸಂಗತಿಯೆಂದರೆ, ಈಗಾಗಲೇ ಹಸಿದವನ ಹೆಗಲಿಗೆ ಈ ಬೋಧನೆ ಅಪರಾಧಭಾವದ ಮೂಟೆಯೊಂದನ್ನು ಹೊರಿಸುತ್ತದೆ.

ಎರಡನೆಯದು ನಿಶ್ಚಿಂತೆಯ ಓದು. ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ. ಆದ್ದರಿಂದ ನಾವೂ ಕೈಕಟ್ಟಿ ಕುಳಿತರೆ ದೇವರು ನೋಡಿಕೊಳ್ಳುತ್ತಾನೆ ಎಂಬ ಭಾವ. ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿಯೇ ಇದಕ್ಕೆ ಕಟುವಾದ ಉತ್ತರವಿದೆ: ದುಡಿಯಲು ಒಲ್ಲದವನು ಉಣ್ಣಲೂ ಕೂಡದು ಎಂಬುದು ಅವರ ನಿಲುವು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ದೇವರ ಪಾಲನೆಯ ಮೇಲಿನ ಭರವಸೆ ಸೋಮಾರಿತನಕ್ಕೆ ಪರವಾನಗಿಯಲ್ಲವೆಂದು ಸ್ಪಷ್ಟಪಡಿಸುತ್ತದೆ.

ಮೂರನೆಯದು ಕೇವಲ ಆಧ್ಯಾತ್ಮಿಕ ಓದು. ಆಹಾರವೆಂದರೆ ಪರಮಪ್ರಸಾದ ಮಾತ್ರ, ದೇವರ ವಾಕ್ಯ ಮಾತ್ರ ಎಂದು ಅರ್ಥೈಸಿ, ಬಡವನ ಮನೆಯ ಒಲೆಯನ್ನು ಈ ಪ್ರಾರ್ಥನೆಯಿಂದ ಹೊರಗಿಡುವ ಓದು ಇದು. ಇದಕ್ಕೆ ಒಂದು ಪಾಂಡಿತ್ಯದ ಆಧಾರವೂ ಉಂಟು. ‘ಅನುದಿನದ’ ಎಂದು ನಾವು ಅನುವಾದಿಸುವ ಗ್ರೀಕ್ ಪದ ‘ಎಪಿಯೂಸಿಯೋಸ್’. ಈ ಪದವು ಶುಭಸಂದೇಶಗಳಲ್ಲಿ ಮತ್ತಾಯ ಮತ್ತು ಲೂಕರ ಈ ಒಂದು ಬೇಡಿಕೆಯಲ್ಲಲ್ಲದೆ ಬೇರೆಲ್ಲಿಯೂ ಬರುವುದಿಲ್ಲ. ಗ್ರೀಕರ ಆಡುಮಾತಿನಲ್ಲಿ ಇದು ಬಳಕೆಯಲ್ಲಿರಲಿಲ್ಲವೆಂದು 3ನೆಯ ಶತಮಾನದಲ್ಲಿಯೇ ಒರಿಜೆನ್ ಗಮನಿಸಿದ್ದರು. ಸಂತ ಜೆರೋಮ್ ಅವರ ಲತೀನ್ ಬೈಬಲ್ಲಿನಲ್ಲಂತೂ ಒಂದೇ ಪದಕ್ಕೆ ಎರಡು ಅನುವಾದಗಳಿವೆ: ಲೂಕರಲ್ಲಿ ‘ಅನುದಿನದ’ ಎಂದಿದ್ದರೆ ಮತ್ತಾಯರಲ್ಲಿ ‘ಸಕಲ ಸತ್ತ್ವವನ್ನೂ ಮೀರಿದ’ ಎಂಬ ಅರ್ಥ ಬರುವ ಪದವಿದೆ. ಇಂದಿನ ದಿನಕ್ಕೆ ಬೇಕಾದದ್ದು, ಬದುಕಿಗೆ ಅವಶ್ಯವಾದದ್ದು, ಬರಲಿರುವ ನಾಳೆಯದು ಎಂಬ ಅರ್ಥಗಳನ್ನೂ ವಿದ್ವಾಂಸರು ಸೂಚಿಸಿದ್ದಾರೆ. ಧರ್ಮಸಭೆ ಇವುಗಳಲ್ಲಿ ಒಂದನ್ನು ಆರಿಸಿ ಉಳಿದುವನ್ನು ಎಸೆಯಲಿಲ್ಲ. ಪೀಠದ ಮೇಲಿನ ರೊಟ್ಟಿಯೂ ಹಂಚಿನ ಮೇಲಿನ ರೊಟ್ಟಿಯೂ ಒಂದೇ ಬೇಡಿಕೆಯೊಳಗೆ ಇವೆ. ಒಂದನ್ನು ಗೌರವಿಸಿ ಇನ್ನೊಂದನ್ನು ಮರೆಯುವುದು ಭಕ್ತಿಯಲ್ಲ.

ಹಕ್ಕಿ ಯಾರ ಹೊಲದಲ್ಲಿ ಉಂಡಿತು?

ಆಕಾಶದ ಹಕ್ಕಿಗಳ ಮಾತನ್ನು ನಾವು ಸಾಮಾನ್ಯವಾಗಿ ಅದರ ಸಂದರ್ಭದಿಂದ ಕಿತ್ತು ಓದುತ್ತೇವೆ. ಸಂತ ಲೂಕರ ಶುಭಸಂದೇಶದ 12ನೆಯ ಅಧ್ಯಾಯವನ್ನು ಒಮ್ಮೆ ಆದಿಯಿಂದ ಓದಿ ನೋಡಿರಿ. ಆಸ್ತಿಯಲ್ಲಿ ಪಾಲು ಕೊಡುವಂತೆ ತನ್ನ ಅಣ್ಣನಿಗೆ ಹೇಳಬೇಕೆಂದು ಒಬ್ಬ ಯೇಸುಸ್ವಾಮಿಯನ್ನು ಕೇಳುತ್ತಾನೆ. ಉತ್ತರವಾಗಿ ಪ್ರಭು ಬುದ್ಧಿಗೇಡಿ ಧನಿಕನ ಸಾಮತಿಯನ್ನು ಹೇಳುತ್ತಾರೆ. ಹೊಲ ಸಮೃದ್ಧವಾಗಿ ಬೆಳೆದಾಗ ಆ ಧನಿಕ ಇದ್ದ ಕಣಜಗಳನ್ನು ಕೆಡವಿ ಇನ್ನೂ ದೊಡ್ಡದನ್ನು ಕಟ್ಟಲು ಯೋಜಿಸುತ್ತಾನೆ. ಅವನ ಸ್ವಗತವನ್ನು ಗಮನಿಸಿರಿ: ನನ್ನ ಬೆಳೆ, ನನ್ನ ಕಣಜ, ನನ್ನ ಧಾನ್ಯ, ನನ್ನ ಪ್ರಾಣ. ಇಡೀ ಮಾತಿನಲ್ಲಿ ಹೆಂಡತಿಯಿಲ್ಲ, ಆಳುಮಕ್ಕಳಿಲ್ಲ, ನೆರೆಯವರಿಲ್ಲ. ಆ ರಾತ್ರಿಯೇ ಅವನು ಸಾಯುತ್ತಾನೆ. ಇದಾದ ಕೂಡಲೇ, ಆದುದರಿಂದ ಚಿಂತಿಸಬೇಡಿ ಎಂಬ ಉಪದೇಶ ಆರಂಭವಾಗುತ್ತದೆ. ಉಗ್ರಾಣವೂ ಕಣಜವೂ ಇಲ್ಲದ ಕಾಗೆಗಳ ಉದಾಹರಣೆ ಬರುತ್ತದೆ. ಈ ಉಪದೇಶ ಮುಗಿಯುವುದು, ಇದ್ದದ್ದನ್ನು ಮಾರಿ ದಾನಮಾಡಿರಿ ಎಂಬ ಕರೆಯೊಂದಿಗೆ.

ಅಂದರೆ ಕಾಗೆಯ ಉದಾಹರಣೆಗೆ ಒಂದು ಕಡೆ ದೊಡ್ಡ ಕಣಜ, ಇನ್ನೊಂದು ಕಡೆ ದಾನ. ‘ಚಿಂತಿಸಬೇಡಿ’ ಎಂಬುದು ಮೊದಲಿಗೆ ಹಸಿದವನಿಗೆ ಹೇಳಿದ ಸಮಾಧಾನದ ಮಾತಲ್ಲ. ಕೂಡಿಡುವವನಿಗೆ ಹೇಳಿದ ಎಚ್ಚರಿಕೆಯ ಮಾತು. ಈ ಜೋಡಣೆಯನ್ನು ಮರೆತು ನಾವು ಅದನ್ನು ಬಡವನಿಗೆ ಬೋಧಿಸಿದರೆ, ಪ್ರಭುವಿನ ಮಾತನ್ನು ತಿರುಗುಮುರುಗಾಗಿ ಹಿಡಿದಂತಾಗುತ್ತದೆ.

ಕಲಬುರಗಿಯವರಾದ ನಮಗೆ ಈ ಹಕ್ಕಿಗಳನ್ನು ಅರಿಯಲು ಮತ್ತೊಂದು ನೆರವುಂಟು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿ, ಈ ನಗರದಲ್ಲಿ ದಾಸೋಹದ ಪರಂಪರೆಯನ್ನು ನೆಲೆಗೊಳಿಸಿದ ಶ್ರೀ ಶರಣಬಸವೇಶ್ವರರ ಬಗ್ಗೆ ಜನಜನಿತವಾದ ಒಂದು ಕಥೆಯಿದೆ. ಹೊಲ ಕಾಯಲು ಹೋದ ಅವರು ಕವಣೆ ಬೀಸಿ ಹಕ್ಕಿಗಳನ್ನು ಓಡಿಸಲಿಲ್ಲ. ತೆನೆಗಳನ್ನು ತಿನ್ನಲು ಬಿಟ್ಟು ಕುಡಿಯಲು ನೀರನ್ನೂ ಇಟ್ಟರು. ನಮ್ಮ ಧರ್ಮವೇ ಬೇರೆ, ಅವರ ಪರಂಪರೆಯೇ ಬೇರೆ. ಒಂದನ್ನು ಇನ್ನೊಂದರೊಳಗೆ ಕರಗಿಸುವ ಉದ್ದೇಶ ನನ್ನದಲ್ಲ. ಆದರೆ ನಾವು ಕೇಳಲು ಮರೆತ ಪ್ರಶ್ನೆಯೊಂದನ್ನು ಈ ಕಥೆ ನಮ್ಮಿಂದ ಕೇಳಿಸುತ್ತದೆ. ಸ್ವರ್ಗದಲ್ಲಿರುವ ತಂದೆ ಹಕ್ಕಿಗಳನ್ನು ಸಲಹುತ್ತಾನೆ, ನಿಜ. ಆದರೆ ಯಾರ ಹೊಲದಲ್ಲಿ? ಹಕ್ಕಿ ಬಿತ್ತದಿರಬಹುದು, ಬಿತ್ತಿದವನೊಬ್ಬ ಇದ್ದಾನಲ್ಲ. ಅವನು ಕವಣೆಯನ್ನು ಕೆಳಗಿಟ್ಟಾಗ ದೇವರ ಪಾಲನೆ ಹಕ್ಕಿಯನ್ನು ತಲುಪುತ್ತದೆ. ನಾವು ದೇವರ ಬಳಿ ಬೇಡುವ ಆಹಾರ ಎಷ್ಟೋ ಬಾರಿ ಇನ್ನೊಬ್ಬರ ಹೊಲದ ಮೂಲಕ ಬರುತ್ತದೆ. ಇನ್ನೊಬ್ಬರು ಬೇಡಿದ್ದು ನಮ್ಮ ಹೊಲದ ಮೂಲಕ ಹೋಗಬೇಕಾಗಿರುತ್ತದೆ.

ಮನ್ನ, ರೂತಳು ಮತ್ತು ಲಕ್ಕಮ್ಮ

‘ಅನುದಿನ’ ಎಂಬ ಪದದ ಮೂಲವನ್ನು ಹುಡುಕಿದರೆ ನಾವು ಮರುಭೂಮಿಗೆ ಹೋಗುತ್ತೇವೆ. ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲಿ ಇಸ್ರಯೇಲರಿಗೆ ದೊರೆತ ಮನ್ನಕ್ಕೆ ಒಂದು ನಿಯಮವಿತ್ತು: ತಲೆಗೆ ಒಂದು ಓಮೆರ್ ಅಳತೆ, ಆ ದಿನಕ್ಕೆ ಆ ದಿನದ್ದು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮಾರನೆಯ ದಿನಕ್ಕೆಂದು ಮುಚ್ಚಿಟ್ಟದ್ದು ಹುಳುಬಿದ್ದು ನಾರಿತು. ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಈ ಪ್ರಸಂಗವನ್ನು ನೆನೆಯುತ್ತಾರೆ. ಎಲ್ಲಿ ಗೊತ್ತೇ? ಜೆರುಸಲೇಮಿನ ಬಡ ಭಕ್ತರಿಗಾಗಿ ಹಣ ಸಂಗ್ರಹಿಸುವ ಸಂದರ್ಭದಲ್ಲಿ! ಮರುಭೂಮಿಯಲ್ಲಿ ದೇವರು ಪವಾಡದಿಂದ ಉಂಟುಮಾಡಿದ ಸಮಾನತೆಯನ್ನು ಈಗ ನೀವು ಹಂಚಿಕೆಯಿಂದ ಉಂಟುಮಾಡಿರಿ ಎಂಬುದೇ ಅವರ ವಾದದ ತಿರುಳು.

ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದು ಕಮಲಾಪುರವನ್ನು ದಾಟಿ ಮುಂದೆ ಸಾಗಿದರೆ ಬಸವಕಲ್ಯಾಣ ಸಿಗುತ್ತದೆ. 12ನೆಯ ಶತಮಾನದಲ್ಲಿ ಆ ಊರಿಗೆ ಬಂದು ನೆಲೆಸಿದ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅಡಿಗೆ, ಅದರಿಂದಲೇ ದಾಸೋಹ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಈ ದಂಪತಿಗಳ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಲಕ್ಕಮ್ಮನ ವಚನಗಳು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತದಲ್ಲಿ ಉಳಿದುಬಂದಿವೆ. ಅತಿಯಾಸೆ ಆಳುವವರ ಗುಣವೇ ಹೊರತು ಭಕ್ತರಿಗೆ ತಕ್ಕುದಲ್ಲ ಎಂಬುದು ಆಕೆಯ ನಿಲುವು. ಮನ್ನದ ನಿಯಮವನ್ನು ಓದದ ಹೆಣ್ಣುಮಗಳೊಬ್ಬಳು ತನ್ನ ಒಲೆಯ ಮುಂದೆಯೇ ಆ ನಿಯಮದ ಮರ್ಮವನ್ನು ಕಂಡುಕೊಂಡಿದ್ದಳು.

ಈ ಪ್ರಸಂಗದ ಪಕ್ಕದಲ್ಲಿ ಬೈಬಲ್ಲಿನ ಮತ್ತೊಬ್ಬ ಆಯುವ ಹೆಣ್ಣುಮಗಳನ್ನು ಇಟ್ಟು ನೋಡೋಣ. ಮೋವಾಬಿನ ರೂತಳು ಬೆತ್ಲೆಹೇಮಿನಲ್ಲಿ ಬೋವಜನ ಹೊಲದಲ್ಲಿ ತೆನೆ ಆಯುತ್ತಾಳೆ. ಬೋವಜನು ತನ್ನ ಆಳುಗಳಿಗೆ, ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಆಕೆಗಾಗಿ ಬೀಳಿಸಿರಿ ಎನ್ನುತ್ತಾನೆ. ಮಾರಯ್ಯನ ಕಥೆಯ ಒಂದು ರೂಪದಲ್ಲಿಯೂ ಬಸವಣ್ಣನವರು ಬೇಕೆಂದೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರೆಂದು ಹೇಳುವುದುಂಟು. ರೂತಳು ಹೆಚ್ಚಿನದನ್ನು ಸ್ವೀಕರಿಸಿದಳು, ಲಕ್ಕಮ್ಮ ನಿರಾಕರಿಸಿದಳು. ಯಾರು ಸರಿ?

ಇಬ್ಬರೂ ಸರಿ ಎಂದೇ ನನ್ನ ಉತ್ತರ. ರೂತಳು ವಿಧವೆ, ಪರದೇಶಿ. ಮನೆಯಲ್ಲಿ ಮುಪ್ಪಿನ ಅತ್ತೆ ಕಾದಿದ್ದಾಳೆ. ಆಕೆಗೆ ಸಿಕ್ಕಿದ ಹೆಚ್ಚುವರಿ ತೆನೆ ಹೆಚ್ಚುವರಿಯಲ್ಲ, ನ್ಯಾಯ. ಲಕ್ಕಮ್ಮನಿಗೆ ಆ ದಿನದ ಊಟಕ್ಕೂ ಅತಿಥಿಗೂ ಸಾಕಾಗುವಷ್ಟು ಇತ್ತು. ಅದಕ್ಕಿಂತ ಹೆಚ್ಚಿನದು ಇನ್ನೊಬ್ಬರ ಪಾಲು. ಸಾಲದವರು ಸಂಕೋಚವಿಲ್ಲದೆ ಸ್ವೀಕರಿಸುವುದು, ಸಾಕಾದವರು ‘ಸಾಕು’ ಎನ್ನುವುದು: ಎರಡೂ ದೇವರ ಮೇಲಿನ ಭರವಸೆಯೇ. ಲಕ್ಕಮ್ಮನ ಕಥೆಯನ್ನು ರೂತಳಿಗೆ ಬೋಧಿಸಿದರೆ ಅದು ಅನ್ಯಾಯ. ತಾನೇ ಆರಿಸಿಕೊಂಡ ಬಡತನ ಬೇರೆ, ಮೇಲಿನಿಂದ ಹೇರಿದ ಬಡತನ ಬೇರೆ.

ಒಂದು ವ್ಯತ್ಯಾಸವನ್ನೂ ಮುಚ್ಚಿಡಬಾರದು. ಲಕ್ಕಮ್ಮನ ನೆಮ್ಮದಿಯ ಆಧಾರ ಕಾಯಕ. ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಾಗ ಕೆಲಸ ನಿಂತಿದೆಯೆಂದು ಎಚ್ಚರಿಸಿದವಳೂ ಆಕೆಯೇ. ನಾವಾದರೋ ದುಡಿದ ಮೇಲೆಯೂ ಬೇಡುತ್ತೇವೆ. ದುಡಿಯುವ ಕೈಯೂ ಮಳೆಯೂ ಬೀಜದೊಳಗಿನ ಜೀವವೂ ನಮ್ಮ ಸಂಪಾದನೆಯಲ್ಲ ಎಂದು ಒಪ್ಪಿಕೊಳ್ಳುವುದೇ ಆ ಬೇಡಿಕೆ.

ತೊಗರಿ, ಬಾಳೆ, ದಿನಗೂಲಿ

ಈಗ ನಮ್ಮ ನೆಲಕ್ಕೆ ಬರೋಣ. ಕಲಬುರಗಿಯನ್ನು ತೊಗರಿಯ ಕಣಜವೆಂದು ಕರೆಯುತ್ತಾರೆ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಈಗ ತಾಲ್ಲೂಕು ಕೇಂದ್ರವಾಗಿರುವ ಕಮಲಾಪುರದ ಕೆಂಪು ಬಾಳೆಗೂ ಅಂಥದೇ ಮಾನ್ಯತೆಯಿದೆ. ಆ ಬಾಳೆ ಕೈಗೆ ಬರಲು ಸುಮಾರು 18 ತಿಂಗಳು ಬೇಕು. ಕಂದು ನೆಟ್ಟವನು ಒಂದೂವರೆ ವರ್ಷ ನೀರು, ಗೊಬ್ಬರ, ಕೂಲಿ ಎಲ್ಲವನ್ನೂ ಕೊಡುತ್ತಲೇ ಇರಬೇಕು. ಗೊನೆ ಒಂದೇ ಬಾರಿ ಬರುತ್ತದೆ. 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿ ಹೂಬಿಟ್ಟು ಕಾಯಿಕಟ್ಟುವ ಹೊತ್ತಿಗೆ ನೆಟೆರೋಗಕ್ಕೆ ತುತ್ತಾಗಿ ನಿಂತಲ್ಲಿಯೇ ಒಣಗಿದ್ದನ್ನು ಈ ಜಿಲ್ಲೆಯ ರೈತರು ಮರೆತಿಲ್ಲ. ಇಂಥ ರೈತನಿಗೆ ‘ಅನುದಿನ’ ಎಂದರೆ ಏನು? ಅವನ ಫಸಲು ದಿನದಿನವೂ ಬರುವುದಿಲ್ಲ. ಹಸಿವು ಮಾತ್ರ ದಿನದಿನವೂ ಬರುತ್ತದೆ.

ಅವನು ಬೆಳೆವಿಮೆ ಮಾಡಿಸಿದರೆ, ಬೀಜಕ್ಕೆಂದು ಕಾಳನ್ನು ತೆಗೆದಿಟ್ಟರೆ, ಮಗಳ ಓದಿಗೆ ಹಣ ಕೂಡಿಸಿದರೆ ಅದು ಅವಿಶ್ವಾಸವೇ? ಅಲ್ಲ. ಮನ್ನದ ನಿಯಮದಲ್ಲಿಯೇ ಆರನೆಯ ದಿನ ಎರಡರಷ್ಟು ಕೂಡಿಸುವ ಅಪ್ಪಣೆಯಿತ್ತು, ಅದು ಕೆಡಲೂ ಇಲ್ಲ. ಈಜಿಪ್ಟಿನಲ್ಲಿ ಜೋಸೆಫನು ಏಳು ವರ್ಷಗಳ ಧಾನ್ಯವನ್ನು ಕಣಜಗಳಲ್ಲಿ ತುಂಬಿಸಿದ್ದೂ ದೇವರ ಪ್ರೇರಣೆಯಿಂದಲೇ. ಜೋಸೆಫನ ಕಣಜಕ್ಕೂ ಬುದ್ಧಿಗೇಡಿ ಧನಿಕನ ಕಣಜಕ್ಕೂ ಇರುವ ಅಂತರ ಗಾತ್ರದ್ದಲ್ಲ; ಬರ ಬಂದಾಗ ಅದರ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದರದು. ಕಣಜವಿರುವುದು ಪಾಪವಲ್ಲ, ಬಾಗಿಲಿಲ್ಲದ ಕಣಜ ಪಾಪ.

ಇನ್ನು, ‘ಅನುದಿನ’ ಎಂಬ ಪದವನ್ನು ಅಕ್ಷರಶಃ ಬದುಕುವವರು ನಮ್ಮಲ್ಲಿ ಬಹಳ ಮಂದಿ. ಗಂಜಿನಲ್ಲಿ ಮೂಟೆ ಹೊರುವ ಹಮಾಲರು, ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಕೂಲಿಗಾಗಿ ಕಾದು ನಿಲ್ಲುವ ಗಾರೆಕೆಲಸದವರು, ಹತ್ತು ಗಂಟೆಯಾದರೂ ಯಾರೂ ಕರೆಯದೆ ಮನೆಗೆ ಮರಳುವವರು. ಸಂತ ಮತ್ತಾಯರ 20ನೆಯ ಅಧ್ಯಾಯದ ದ್ರಾಕ್ಷಾತೋಟದ ಸಾಮತಿಯನ್ನು ಇವರ ಕಣ್ಣಿನಿಂದ ಓದಿರಿ. ಸಂಜೆಯವರೆಗೂ ಕೆಲಸ ಸಿಗದೆ ನಿಂತಿದ್ದವನಿಗೂ ಯಜಮಾನ ಒಂದು ಪೂರ್ತಿ ದಿನದ ಕೂಲಿಯನ್ನೇ ಕೊಡುತ್ತಾನೆ. ನಾವು ಇದನ್ನು ಸ್ವರ್ಗರಾಜ್ಯದ ಕೃಪೆಯ ಕಥೆಯೆಂದು ವಿವರಿಸುತ್ತೇವೆ, ಅದು ನಿಜವೇ. ಆದರೆ ಆ ಯಜಮಾನನಿಗೆ ಇನ್ನೊಂದು ಲೆಕ್ಕವೂ ತಿಳಿದಿತ್ತು: ದುಡಿದದ್ದು ಒಂದು ಗಂಟೆಯಾದರೂ ಮನೆಯಲ್ಲಿ ಕಾದಿರುವ ಮಕ್ಕಳ ಹೊಟ್ಟೆಗೆ ಒಂದು ಪೂರ್ತಿ ದಿನದ ಊಟ ಬೇಕು. ಸಂಜೆಯೇ ಕೂಲಿ ಕೊಡಬೇಕು, ಬೆಳಗಿನವರೆಗೆ ಇಟ್ಟುಕೊಳ್ಳಕೂಡದು ಎಂಬುದು ಯಾಜಕಕಾಂಡದ 19ನೆಯ ಅಧ್ಯಾಯದ ಆಜ್ಞೆ. ಮನೆಗೆಲಸದ ತಾಯಿಯ ಸಂಬಳವನ್ನು ‘ಮುಂದಿನ ವಾರ ನೋಡೋಣ’ ಎಂದು ಮುಂದೂಡಿ ಅದೇ ಸಂಜೆ ಜಪಸರಕ್ಕೆ ಕುಳಿತರೆ, ಆಕೆ ಬೇಡಿದ ಅನುದಿನದ ಆಹಾರ ನಮ್ಮ ಕೈಚೀಲದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ದೇವರು ಆಗಲೇ ಕೊಟ್ಟಾಗಿದೆ, ತಡೆದವರು ನಾವು.

ಸಾಲದ ಮಾತನ್ನೂ ಆಡಬೇಕು. ವಾರವಾರವೂ ಕಂತು ಕಟ್ಟುವ ಚಿಂತೆಯಲ್ಲಿ ನಿದ್ದೆಗೆಟ್ಟ ಮನೆಗಳನ್ನು ಯಾವ ಧರ್ಮಕೇಂದ್ರದ ಗುರುವೂ ಬಲ್ಲ. ಕಿರುಸಾಲದ ವಸೂಲಿಯ ಹೆಸರಿನಲ್ಲಿ ನಡೆಯುತ್ತಿದ್ದ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ತೆಗೆದ ತಾಯಿಗೆ, ಚಿಂತಿಸಬೇಡಮ್ಮಾ, ಪ್ರಾರ್ಥಿಸು ಎಂದಷ್ಟೇ ಹೇಳಿ ಕಳುಹಿಸುವುದು ಉಪದೇಶವಲ್ಲ. ಆಕೆಯೊಂದಿಗೆ ಕುಳಿತು ಲೆಕ್ಕ ಹಾಕುವುದು, ಕಾನೂನಿನ ನೆರವನ್ನು ತಿಳಿಸುವುದು, ಮದುವೆ ಮತ್ತು ಹಬ್ಬದ ಆಡಂಬರದ ಖರ್ಚನ್ನು ಇಡೀ ಧರ್ಮಕೇಂದ್ರವೇ ಸೇರಿ ತಗ್ಗಿಸುವುದು ಕೂಡ ಆ ಬೇಡಿಕೆಗೆ ಸೇರಿದ ಕೆಲಸ. ಪ್ರಭುವಿನ ಪ್ರಾರ್ಥನೆಯಲ್ಲಿ ಆಹಾರದ ಬೇಡಿಕೆಯ ಮರುಸಾಲಿನಲ್ಲಿಯೇ ಕ್ಷಮೆಯ ಬೇಡಿಕೆಯಿದೆ. ಮತ್ತಾಯರ ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದದ ಅರ್ಥ ‘ಸಾಲಗಳು’ ಎಂದೇ.

ಬೇಡಿದರೂ ಸಿಗದವರ ಪ್ರಶ್ನೆ

ಓದುಗರೇ, ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ದಾಟಿಹೋಗುವುದು ಪ್ರಾಮಾಣಿಕತೆಯಲ್ಲ. ಬೇಡಿದರೂ ಹಸಿದೇ ಸತ್ತವರ ಗತಿಯೇನು? ದಖ್ಖನ್ ಸೀಮೆಯನ್ನು 1876ರಿಂದ 1878ರವರೆಗೆ ಕಾಡಿದ, ಕನ್ನಡಿಗರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುವ ಕ್ಷಾಮದಲ್ಲಿ ಲಕ್ಷಾಂತರ ಜನ ಅಸುನೀಗಿದರು. ಅವರೆಲ್ಲರೂ ತಮ್ಮ ತಮ್ಮ ದೇವರನ್ನು ಕೂಗಿರಲಾರರೇ? ಮಳೆ ಬಾರದ್ದು ದಿಟ. ಆದರೆ ಅದೇ ವರ್ಷಗಳಲ್ಲಿ ಭಾರತದಿಂದ ಧಾನ್ಯ ಹಡಗುಗಳಲ್ಲಿ ಹೊರಹೋಗುತ್ತಲೇ ಇದ್ದುದೂ ದಿಟ. ಆಹಾರವಿತ್ತು, ಇಲ್ಲದಿದ್ದುದು ‘ನಮ್ಮ’ ಎಂಬ ಪದ.

ಎಲ್ಲ ಹಸಿವಿಗೂ ಇದೊಂದೇ ವಿವರಣೆಯೆಂದು ನಾನು ಹೇಳಲಾರೆ. ಶಿಲುಬೆಯ ಮೇಲೆ ನೀರಡಿಸಿದ ಪ್ರಭುವಿಗೆ ದೊರೆತದ್ದು ಹುಳಿರಸ ಮಾತ್ರ. ತಂದೆಯನ್ನು ಪೂರ್ಣವಾಗಿ ನಂಬಿದವರಿಗೇ ಹಾಗಾಯಿತು ಎಂಬುದನ್ನು ನೆನೆದರೆ, ಕೊರತೆ ಇರುವಲ್ಲೆಲ್ಲ ವಿಶ್ವಾಸ ಕಡಿಮೆಯಿದೆ ಎನ್ನುವ ಬೋಧನೆ ತಾನಾಗಿಯೇ ಬಿದ್ದುಹೋಗುತ್ತದೆ. ಭರವಸೆಯೆಂದರೆ ಎಲ್ಲವೂ ಸಿಕ್ಕೇ ಸಿಗುತ್ತದೆಂಬ ಖಾತರಿಯಲ್ಲ. ಸಿಗದ ದಿನವೂ ತಂದೆ ತಂದೆಯೇ ಎಂದು ಹಿಡಿದ ಕೈಯನ್ನು ಬಿಡದಿರುವುದು ಅದು. ಸಿಕ್ಕ ದಿನ ನೆರೆಯವನ ತಟ್ಟೆಯ ಕಡೆಗೆ ಕಣ್ಣು ಹಾಯಿಸುವುದೂ ಅದೇ.

ಕಲಬುರಗಿಯ ಬಡಾವಣೆಗಳಲ್ಲಿರಲಿ, ಕಮಲಾಪುರದ ಬಾಳೆತೋಟಗಳ ಅಂಚಿನಲ್ಲಿರಲಿ, ಈ ವಾರ ನಿಮ್ಮ ಮನೆಯಲ್ಲಿ ಒಂದು ಸಣ್ಣ ಅಭ್ಯಾಸವನ್ನು ಆರಂಭಿಸಿರಿ. ಪರಲೋಕದ ತಂದೆಯ ಪ್ರಾರ್ಥನೆಯನ್ನು ಹೇಳುವಾಗ ನಾಲ್ಕನೆಯ ಬೇಡಿಕೆಯ ಬಳಿ ಒಂದು ಕ್ಷಣ ನಿಲ್ಲಿರಿ. ‘ನಮ್ಮ’ ಎಂಬಲ್ಲಿ, ಯಾರ ಹೆಸರು ಸೇರಬೇಕಿದೆ ಎಂದು ಮಕ್ಕಳನ್ನು ಕೇಳಿರಿ. ‘ಅನುದಿನ’ ಎಂಬಲ್ಲಿ, ನಮಗೆ ಎಷ್ಟು ಸಾಕು ಎಂದು ಮನೆಯ ಹಿರಿಯರು ತಮ್ಮನ್ನೇ ಕೇಳಿಕೊಳ್ಳಲಿ. ‘ಆಹಾರ’ ಎಂಬಲ್ಲಿ, ಇಂದು ಯಾರಿಗೆ ಕೂಲಿ ಕೊಡಬೇಕಿತ್ತು, ಯಾರ ಒಲೆ ಹೊತ್ತಿಲ್ಲ ಎಂದು ನೆನೆಯಿರಿ. ನೆನೆದದ್ದನ್ನು ಮಾಡಿ ಮುಗಿಸಿದ ಮೇಲೆ ‘ಆಮೆನ್’ ಎನ್ನಿರಿ.